ವಹಿಗಳ ನಡುವೆ ಸಿಕ್ಕ ಷೇರುಪತ್ರ

ಬೆಳಗಾವಿಯ ರವಿವಾರ ಪೇಟೆಯಲ್ಲಿ ಹಳೆಯ ಕಾಗದ ಉಳಿದಿರುವುದಕ್ಕೆ ಒಂದು ಕಾರಣವಿದೆ. ಇದು ಸಗಟು ವ್ಯಾಪಾರದ ಪೇಟೆ. ಅಕ್ಕಿ, ಬೇಳೆ, ಬೆಲ್ಲ, ಒಣಮೆಣಸಿನಕಾಯಿ, ಎಣ್ಣೆ ಎಲ್ಲವೂ ಇಲ್ಲಿ ಮೂಟೆ ಲೆಕ್ಕದಲ್ಲಿ ಕೈ ಬದಲಿಸುತ್ತವೆ. ಹಳೆಯ ಅಂಗಡಿಗಳಲ್ಲಿ ಮುಂದೆ ಗಾದಿ, ಹಿಂದೆ ಗೋದಾಮು, ಮೇಲೆ ಅಟ್ಟ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ವಹಿ ಬಂದರೆ ಹಳೆಯದು ಅಟ್ಟ ಏರುತ್ತದೆ. ಲಕ್ಷ್ಮಿ ಕೂತ ವಹಿಯನ್ನು ರದ್ದಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಮೂರು ತಲೆಮಾರಿನ ಕಿರ್ದಿ, ಖಾತೆವಹಿ, ಹುಂಡಿಯ ಚೀಟಿ, ಕೋರ್ಟಿನ ನೋಟೀಸು ಎಲ್ಲ ಒಂದೇ ಧೂಳಿನಲ್ಲಿ ಮಲಗಿರುತ್ತವೆ. ಅವುಗಳಲ್ಲಿ ಬಹಳಷ್ಟು ಮರಾಠಿಯ ಹಳೆಯ ಬರಹವಾದ ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಈಗ ಪೇಟೆಯಲ್ಲಿ ಬೆರಳೆಣಿಕೆಯಷ್ಟು.

ಆ ಪೇಟೆಯ ಒಂದು ಅಡತಿ ಅಂಗಡಿ ದುರಸ್ತಿಗೆ ಬಂತು. ಮಾಲೀಕರನ್ನು ನಾವೆಲ್ಲ ಕಾಕಾ ಎಂದೇ ಕರೆಯುವುದು. ಅವರ ಅಜ್ಜ ಖಾನಾಪುರದಿಂದ ಅಕ್ಕಿ ವ್ಯಾಪಾರಕ್ಕೆಂದು ಬಂದು ಇಲ್ಲಿ ನೆಲೆ ನಿಂತವರು. ಅಟ್ಟ ಇಳಿಸುವ ಹೊತ್ತಿಗೆ ನನಗೆ ಕರೆ ಬಂತು. ಹಳೆಯ ಕಾಗದವೆಂದರೆ ನಾನು ಊಟ ಬಿಟ್ಟು ಬರುತ್ತೇನೆಂದು ಅವರಿಗೆ ಗೊತ್ತು. ಎರಡು ತಗಡಿನ ಟ್ರಂಕು, ಒಳಗೆ ವಹಿಗಳು, ಒಂದು ವಹಿಯ ಹೊಟ್ಟೆಯಲ್ಲಿ ಮಡಚಿಟ್ಟ ದಪ್ಪ ಕಾಗದ. ಬಿಡಿಸಿದರೆ ‘ಬೆಳಗಾಂ ಬ್ಯಾಂಕ್ ಲಿಮಿಟೆಡ್’ನ ಷೇರುಪತ್ರ.

“ತಮ್ಮಾ, ಇದಕ್ಕ ಏನರ ರೊಕ್ಕ ಬರತದೇನ ನೋಡಪಾ” ಎಂದರು ಕಾಕಾ.

ಹಳೆಯ ಷೇರುಪತ್ರ ಕೈಗೆ ಬಂದವರೆಲ್ಲ ಕೇಳುವುದು ಇದನ್ನೇ. ಉತ್ತರ ಹುಡುಕಲು ಮೊದಲು ಕಾಗದವನ್ನೇ ಓದಬೇಕು. ನಾನು ಅದನ್ನು ಬಾಗಿಲ ಬೆಳಕಿಗೆ ಹಿಡಿದೆ. ಸುತ್ತ ಬಳ್ಳಿಯ ಅಂಚು, ಮಧ್ಯೆ ಷೇರುದಾರನ ಹೆಸರು ಕೈಬರಹದಲ್ಲಿ, ಷೇರುಗಳ ಕ್ರಮಸಂಖ್ಯೆ, ಕೆಳಗೆ ನಿರ್ದೇಶಕರ ರುಜುಗಳು. ನೇರವಾಗಿ ನೋಡಿದರೆ ಮೊಹರು ಕಾಣಲಿಲ್ಲ. ಮೊಬೈಲಿನ ಟಾರ್ಚನ್ನು ಕಾಗದಕ್ಕೆ ಅಡ್ಡವಾಗಿ ಹಿಡಿದಾಗ ಒತ್ತುಮೊಹರಿನ ದುಂಡನೆಯ ಉಬ್ಬು ಅಕ್ಷರ ಅಕ್ಷರವಾಗಿ ಎದ್ದಿತು. ಮೂಲೆಯಲ್ಲಿ ರೆವಿನ್ಯೂ ಸ್ಟಾಂಪು, ಅದರ ಮೇಲೆ ಆರನೆಯ ಜಾರ್ಜ್ ದೊರೆಯ ಮುಖ. ತಾರೀಖಿನ ಮೇಲೆ ಗುಂಡುಸೂಜಿಯ ತುಕ್ಕು ಹರಡಿ ವರ್ಷ ಅಳಿಸಿತ್ತು, ಆದರೆ ಆ ದೊರೆಯ ತಲೆಯೇ ಕಾಲವನ್ನು ಹೇಳುತ್ತಿತ್ತು: 1936ರ ಕೊನೆಗೆ ಅವನು ಪಟ್ಟಕ್ಕೆ ಬಂದ ಮೇಲಿನದು, ಸ್ವಾತಂತ್ರ್ಯದ ಆಸುಪಾಸಿನದು. ಹಿಂಬದಿಯಲ್ಲಿ ವರ್ಗಾವಣೆ ದಾಖಲಿಸುವ ಕೋಷ್ಟಕ ಖಾಲಿ. ರದ್ದಾಯಿತೆಂದು ಹೊಡೆಯುವ ತೂತು ಒಂದೂ ಇಲ್ಲ. ಅಂದರೆ ಅಜ್ಜ ಕೊಂಡದ್ದನ್ನು ಯಾರಿಗೂ ಮಾರಿರಲಿಲ್ಲ, ಯಾರೂ ಬಂದು ಕಾಗದ ವಾಪಸು ಪಡೆದಿರಲಿಲ್ಲ.

“ಹಂಗಾರ ಇದು ಜೀವಂತ ಐತಿ ಅಂದಂಗಾತು” ಎಂದರು ಕಾಕಾ. ಅವರ ಕಣ್ಣಲ್ಲಿ ಲಕ್ಷಗಳ ಲೆಕ್ಕ ಶುರುವಾಗಿತ್ತು.

ಕಾಗದ ರದ್ದಾಗಿಲ್ಲ, ನಿಜ. ಕಂಪನಿ ಏನಾಯಿತೆಂಬುದು ಬೇರೆ ಮಾತು. ಬೆಳಗಾಂ ಬ್ಯಾಂಕು 1930ರಲ್ಲಿ ಹುಟ್ಟಿದ ಖಾಸಗಿ ಬ್ಯಾಂಕು. 1964ರಲ್ಲಿ ಅದು ಬಿಜಾಪುರದ ಶ್ರೀ ಜಡೆಯ ಶಂಕರಲಿಂಗ ಬ್ಯಾಂಕನ್ನು ತನ್ನೊಳಗೆ ಸೇರಿಸಿಕೊಂಡಿತು. 1975ರಲ್ಲಿ ತಾನೇ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಇಲ್ಲಿಯವರೆಗೆ ಬಂದರೆ ಯಾರಾದರೂ ಹಿಗ್ಗುತ್ತಾರೆ: ಯೂನಿಯನ್ ಬ್ಯಾಂಕು ಇವತ್ತಿಗೂ ಇದೆ, ಅದರ ಷೇರು ಪೇಟೆಯಲ್ಲಿ ಓಡುತ್ತಿದೆ, ಹಾಗಾದರೆ ಅಜ್ಜನ ಷೇರು ಯೂನಿಯನ್ ಬ್ಯಾಂಕಿನ ಷೇರಾಗಿ ಬೆಳೆದಿರಬೇಕಲ್ಲ?

ಬೆಳೆದಿಲ್ಲ. ಅದಕ್ಕೆ ಸಾಕ್ಷಿ ಇರುವುದು ಎರಡು ವರ್ಷಗಳಲ್ಲಿ. ಯೂನಿಯನ್ ಬ್ಯಾಂಕು ಜುಲೈ 19, 1969ರಂದು ರಾಷ್ಟ್ರೀಕರಣವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಒಂದು. ಅಂದಿನಿಂದ ಅದರ ಬಂಡವಾಳವೆಲ್ಲ ಕೇಂದ್ರ ಸರ್ಕಾರದ್ದು. ಸಾರ್ವಜನಿಕರಿಗೆ ಅದು ಷೇರು ಕೊಟ್ಟದ್ದು 2002ರಲ್ಲಿ. ನಡುವಿನ 1975ರಲ್ಲಿ ಇನ್ನೊಂದು ಬ್ಯಾಂಕಿನ ಷೇರುದಾರರಿಗೆ ಕೊಡಲು ಅದರ ಬಳಿ ಷೇರೇ ಇರಲಿಲ್ಲ. ಬೆಳಗಾಂ ಬ್ಯಾಂಕಿನ ಷೇರುದಾರರಿಗೆ ಸಲ್ಲಬೇಕಾದದ್ದು ಏನಿದ್ದರೂ ಅದು ಅಂದಿನ ಲೆಕ್ಕದ ಹಣದಲ್ಲಿ ಮುಗಿದ ವ್ಯವಹಾರ. ಈ ಕಾಗದಕ್ಕೆ ಇವತ್ತು ಷೇರುಪೇಟೆಯಲ್ಲಿ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

“ಅಂದ್ರ ರದ್ದಿ” ಎಂದರು ಕಾಕಾ.

ರದ್ದಿ ಅಲ್ಲ ಎಂಬುದನ್ನು ಜಗತ್ತು ಕಂಡುಕೊಂಡದ್ದೂ ತೀರಾ ಹಳೆಯ ಸಂಗತಿಯೇನಲ್ಲ. ರಷ್ಯಾದ ಕ್ರಾಂತಿಕಾರಿ ಸರ್ಕಾರ 1918ರಲ್ಲಿ ಝಾರ್ ಕಾಲದ ಸಾಲವನ್ನೆಲ್ಲ ತಳ್ಳಿಹಾಕಿತು. ಫ್ರಾನ್ಸು, ಬ್ರಿಟನ್ನು, ಜರ್ಮನಿಯ ಮನೆಗಳಲ್ಲಿ ರಷ್ಯದ ರೈಲ್ವೆ ಬಾಂಡುಗಳು ಕಟ್ಟುಕಟ್ಟಾಗಿ ಉಳಿದವು. ಅರ್ಧ ಶತಮಾನ ಅವುಗಳನ್ನು ಯಾರೂ ಕೇಳಲಿಲ್ಲ. 1970ರ ದಶಕದಲ್ಲಿ ಡ್ರುಮ್ ಮತ್ತು ಹೆನ್ಸೆಲರ್ ಎಂಬ ಇಬ್ಬರು ಜರ್ಮನ್ನರು ಅವನ್ನು ವಿಂಗಡಿಸಿ, ಯಾವುದು ಎಷ್ಟು ಅಪರೂಪವೆಂದು ಪಟ್ಟಿಮಾಡಿ ಪುಸ್ತಕ ತಂದರು. ಪಟ್ಟಿ ಬಂದದ್ದೇ ಬೆಲೆ ಬಂತು. 1978ರಲ್ಲಿ ಇಂಥ ಸಂಗ್ರಾಹಕರ ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು. ನಾಣ್ಯ, ಅಂಚೆಚೀಟಿಗಳಿಗೆ ಹೋಲಿಸಿದರೆ ಈ ಹವ್ಯಾಸ ಇನ್ನೂ ಎಳೆಯದು. ಆದ್ದರಿಂದಲೇ ನಮ್ಮಂಥ ಊರಿನಲ್ಲಿ ಸಿಗುವುದಕ್ಕೆ ಇನ್ನೂ ಬಹಳ ಇದೆ.

ಸಿಗುವುದೆಂದರೆ ಹೇಗಿರುತ್ತದೆ ಎಂಬುದಕ್ಕೆ 2010ರ ಒಂದು ಘಟನೆ ಹೇಳಬೇಕು. ಉಟ್ರೆಕ್ಟ್ ವಿಶ್ವವಿದ್ಯಾಲಯದ ಇತಿಹಾಸದ ವಿದ್ಯಾರ್ಥಿ ರೂಬೆನ್ ಶಾಲ್ಕ್ ತನ್ನ ಪ್ರಬಂಧಕ್ಕಾಗಿ ಹಾಲೆಂಡಿನ ಹೋರ್ನ್ ಪಟ್ಟಣದ ಪತ್ರಾಗಾರದಲ್ಲಿ ಹಳೆಯ ಕಟ್ಟುಗಳನ್ನು ತೆರೆಯುತ್ತಿದ್ದ. ಒಂದರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಪತ್ರ ಸಿಕ್ಕಿತು. ತಾರೀಖು ಸೆಪ್ಟೆಂಬರ್ 9, 1606. ಮೊತ್ತ 150 ಗಿಲ್ಡರ್. ಷೇರುದಾರ ಎಂಕ್‌ಹೌಸನ್ ಪಟ್ಟಣದ ಪೀಟರ್ ಹಾರ್ಮೆನ್ಸ್. ಅವನು ಶ್ರೀಮಂತನಲ್ಲ, ನಗರಾಧ್ಯಕ್ಷರ ಕೈಕೆಳಗೆ ಕೆಲಸ ಮಾಡುತ್ತಿದ್ದವನು. ಅಲ್ಲಿಯವರೆಗೆ ಜಗತ್ತಿನ ಅತಿ ಹಳೆಯ ಷೇರು ಎನಿಸಿದ್ದ ಪತ್ರ ಅದೇ ತಿಂಗಳ 27ನೆಯ ತಾರೀಖಿನದು. ಹದಿನೆಂಟು ದಿನಗಳ ಅಂತರದಲ್ಲಿ ಪಟ್ಟ ಬದಲಾಯಿತು. ಆ ಕಂಪನಿ ನಮಗೆ ದೂರದ್ದಲ್ಲ. ಅದು 1637ರಲ್ಲಿ ಬಿಜಾಪುರದ ಆದಿಲಶಾಹಿಯ ಒಪ್ಪಿಗೆ ಪಡೆದು ಕೋಠಿ ಕಟ್ಟಿದ್ದು ವೆಂಗುರ್ಲಾದಲ್ಲಿ, ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಬಂದರಿನಲ್ಲಿ.

ಕಂಪನಿ ತೀರಿಹೋದ ಮೇಲೆ ಕಾಗದಕ್ಕೆ ಬೆಲೆ ತರುವುದು ಏನು? ವಯಸ್ಸು ಅನ್ನುವವರೇ ಹೆಚ್ಚು. ನನ್ನ ಮಟ್ಟಿಗೆ ವಯಸ್ಸಿಗೆ ಮೂರನೆಯ ಸ್ಥಾನ. ಮೊದಲನೆಯದು ಎಷ್ಟು ಪ್ರತಿ ಉಳಿದಿವೆ ಎಂಬುದು. ಕೋಲಾರದ ಚಿನ್ನದ ಗಣಿಗಳನ್ನೇ ನೋಡಿ. ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿದ್ದು 1880ರಲ್ಲಿ, ಬಂಡವಾಳ ಬಂದದ್ದು ಲಂಡನ್ನಿನಿಂದ. ಅದರಿಂದಾಗಿ ಕೋಲಾರದ ಚಿನ್ನದ ಷೇರುಪತ್ರ ಹುಡುಕುವವರು ಕೋಲಾರಕ್ಕಿಂತ ಇಂಗ್ಲೆಂಡಿನ ಅಟ್ಟಗಳನ್ನು ನೋಡುವುದು ಒಳ್ಳೆಯದು. ಅದೇ ಬೆಳಗಾಂ ಬ್ಯಾಂಕಿನಂಥ ಜಿಲ್ಲಾ ಮಟ್ಟದ ಬ್ಯಾಂಕಿನ ಷೇರುದಾರರೆಲ್ಲ ಈ ಸುತ್ತಿನವರು. ಕಾಗದ ಉಳಿದಿದ್ದರೆ ಈ ಪೇಟೆಗಳಲ್ಲೇ ಉಳಿದಿರಬೇಕು, ಇಲ್ಲಿ ರದ್ದಿಯಾದರೆ ಎಲ್ಲಿಯೂ ಇರುವುದಿಲ್ಲ.

ಎರಡನೆಯದು ಕತೆ. ವಿ. ಓ. ಚಿದಂಬರಂ ಪಿಳ್ಳೆ 1906ರಲ್ಲಿ ತೂತ್ತುಕುಡಿಯಲ್ಲಿ ಕಟ್ಟಿದ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಷೇರಿನ ಮುಖಬೆಲೆ 25 ರೂಪಾಯಿ. ಬ್ರಿಟಿಷ್ ಹಡಗು ಕಂಪನಿಗೆ ಎದುರು ನಿಂತ ಆ ಸಾಹಸ ಕೆಲವೇ ವರ್ಷಗಳಲ್ಲಿ ಮುಳುಗಿತು, ಪಿಳ್ಳೆಯವರು ಸೆರೆಮನೆ ಸೇರಿದರು. ಅಂಥ ಕಾಗದವನ್ನು ಕೈಯಲ್ಲಿ ಹಿಡಿಯಲು ಸಂಗ್ರಾಹಕ ದೊಡ್ಡ ಬೆಲೆ ಕೊಡುತ್ತಾನೆ, ಕೊಡಬೇಕು ಕೂಡ. ರುಜುವಿನ ಮಹಿಮೆಯೂ ಇಲ್ಲೇ ಬರುತ್ತದೆ. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಷೇರುಪತ್ರದ ಮೇಲೆ ಅದರ ಸ್ಥಾಪಕ ರಾಕ್‌ಫೆಲರ್ ಸ್ವಂತ ಕೈಯಿಂದ ರುಜು ಹಾಕಿದ್ದರೆ ಅದರ ದರವೇ ಬೇರೆ. ಬೆಳಗಾವಿಯ ಮಟ್ಟಿಗೆ ಹೇಳುವುದಾದರೆ ಕಿರ್ಲೋಸ್ಕರರ ನೆನಪಾಗುತ್ತದೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದವರು. 1910ರಲ್ಲಿ ಊರು ಬಿಟ್ಟು ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಆದದ್ದು 1920ರಲ್ಲಿ. ಅವರ ರುಜುವಿನ ಆರಂಭದ ಪತ್ರವೊಂದು ನಮ್ಮ ಪೇಟೆಯಲ್ಲಿ ಸಿಕ್ಕರೆ ನಾನು ಅದನ್ನು ಊರಿನ ಆಸ್ತಿ ಎಂದೇ ಭಾವಿಸುತ್ತೇನೆ.

ಆಮೇಲೆ ವಯಸ್ಸು, ಚಿತ್ರ, ಮುದ್ರಣ, ಕಾಗದದ ಸ್ಥಿತಿ. ಮಡಿಕೆಯಲ್ಲಿ ಹರಿದಿದೆಯೇ, ಗೆದ್ದಲು ತಿಂದಿದೆಯೇ, ಯಾರಾದರೂ ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿ ಕೆಡಿಸಿದ್ದಾರೆಯೇ ಎಂದು ನೋಡುತ್ತಾರೆ. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಲೇಬಾರದು, ಅದರ ಅಂಟು ಕಾಗದವನ್ನು ಹಳದಿ ಮಾಡಿ ತಿನ್ನುತ್ತದೆ.

ಕಾಕಾನ ಟ್ರಂಕಿನಲ್ಲಿ ಇನ್ನೊಂದು ಕಾಗದವೂ ಇತ್ತು. ಅದನ್ನು ಅವರು ಪಕ್ಕಕ್ಕೆ ಸರಿಸಿದ್ದರು, ನೋಡಲು ಚೆಂದವಿರಲಿಲ್ಲ. ಕಂಪ್ಯೂಟರಿನಲ್ಲಿ ಅಚ್ಚಾದ, ಮಸುಕು ಅಕ್ಷರದ, ಅವರ ತಂದೆಯ ಹೆಸರಿನ ಇಂಡಾಲ್ ಷೇರು. ಬೆಳಗಾವಿಯವರಿಗೆ ಇಂಡಾಲ್ ಗೊತ್ತು, ಯಮನಾಪುರದ ಅಲ್ಯೂಮಿನಾ ಕಾರ್ಖಾನೆ. ಇಂಡಿಯನ್ ಅಲ್ಯೂಮಿನಿಯಂ ಕಂಪನಿ 2000ದಲ್ಲಿ ಹಿಂಡಾಲ್ಕೊ ಕೈಗೆ ಬಂತು, ಕೆಲವು ವರ್ಷಗಳ ಬಳಿಕ ಅದರ ಬಹುಪಾಲು ವ್ಯವಹಾರ ಹಿಂಡಾಲ್ಕೊದಲ್ಲೇ ಸೇರಿತು. ಈ ಕಂಪನಿ ಹೆಸರು ಬದಲಿಸಿಕೊಂಡು ಬದುಕಿದೆ. ಬಳ್ಳಿಯ ಅಂಚು, ದೊರೆಯ ತಲೆ ಇರುವ ಪತ್ರದಲ್ಲಿ ಇಲ್ಲದ ಹಣದ ಬಾಗಿಲು ಈ ಬಡಕಲು ಕಾಗದದಲ್ಲಿ ತೆರೆದಿತ್ತು.

ಹೆಸರು ಬದಲಾದ ಕಂಪನಿಯ ಜಾಡು ಹಿಡಿಯುವುದೇ ಈ ಹುಡುಕಾಟದ ನಿಜವಾದ ರುಚಿ. ಘಟಪ್ರಭೆಯ ನೀರಿನ ಬಲದಿಂದ ನಡೆಯಲೆಂದು 1885ರಲ್ಲಿ ಹುಟ್ಟಿದ ಗೋಕಾಕ ಗಿರಣಿಯ ಕಂಪನಿಯ ಹೆಸರಿನಲ್ಲೇ ‘ವಾಟರ್ ಪವರ್’ ಇತ್ತು. ಮುಂದೆ ಅದು ಗೋಕಾಕ್ ಮಿಲ್ಸ್, ಗೋಕಾಕ್ ಪಟೇಲ್ ವೋಲ್ಕಾರ್ಟ್, ಫೋರ್ಬ್ಸ್ ಗೋಕಾಕ್ ಎಂದೆಲ್ಲ ಹೆಸರು ತಾಳಿತು. ಖಾನಾಪುರ, ಲೋಂಡಾ ದಾರಿಯ ಹಳಿ ಹಾಕಿದ ಸದರ್ನ್ ಮರಾಠಾ ರೈಲ್ವೆ 1882ರ ಕಂಪನಿ. 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿತು, 1944ರಲ್ಲಿ ಸರ್ಕಾರದ ಪಾಲಾಯಿತು. ಮೊದಲನೆಯದರ ಜಾಡು ಇಂದಿನ ಕಂಪನಿಗಳವರೆಗೆ ಬರುತ್ತದೆ, ಎರಡನೆಯದು ಸರ್ಕಾರದ ಬಾಗಿಲಲ್ಲಿ ನಿಲ್ಲುತ್ತದೆ. ಮೊದಲನೆಯದು ಸಿಕ್ಕವರು ಕಂಪನಿಗೆ ಬರೆಯಬೇಕು, ಎರಡನೆಯದು ಸಿಕ್ಕವರು ಸಂಗ್ರಾಹಕರನ್ನು ಹುಡುಕಬೇಕು.

ಜೀವಂತ ಷೇರಾದರೆ ದಾರಿ ಉದ್ದ. 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂದ ಮೇಲೆ ಷೇರು ಕಾಗದ ಬಿಟ್ಟು ಡಿಮ್ಯಾಟ್ ಖಾತೆ ಸೇರತೊಡಗಿತು. ಏಪ್ರಿಲ್ 1, 2019ರಿಂದ ಲಿಸ್ಟೆಡ್ ಕಂಪನಿಯ ಕಾಗದದ ಷೇರನ್ನು ಹಾಗೆಯೇ ಮಾರಿ ಇನ್ನೊಬ್ಬರ ಹೆಸರಿಗೆ ಮಾಡುವಂತಿಲ್ಲ. ಷೇರುದಾರ ತೀರಿಕೊಂಡಿದ್ದರೆ ವಾರಸುದಾರರು ಕಂಪನಿಯ ರಿಜಿಸ್ಟ್ರಾರ್ ಬಳಿ ಅರ್ಜಿ ಹಾಕಬೇಕು. ಏಳು ವರ್ಷ ಸತತವಾಗಿ ಲಾಭಾಂಶ ಯಾರೂ ಪಡೆಯದಿದ್ದರೆ ಲಾಭಾಂಶದ ಜೊತೆಗೆ ಷೇರೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತದೆ. ಅಲ್ಲಿಗೆ ಹೋಯಿತೆಂದರೆ ಮುಳುಗಿತೆಂದಲ್ಲ, ಐಇಪಿಎಫ್–5 ಎಂಬ ನಮೂನೆ ತುಂಬಿ ವಾಪಸು ಕೇಳಬಹುದು. ನಮ್ಮ ಕಡೆ ತೊಡಕಾಗುವುದು ಹೆಸರಿನಲ್ಲಿ. ಕಾಕಾನ ತಂದೆಯ ಹೆಸರು ಷೇರಿನಲ್ಲಿ ಮರಾಠಿ ಉಚ್ಚಾರದ ಇಂಗ್ಲಿಷಿನಲ್ಲಿದೆ, ರೇಷನ್ ಕಾರ್ಡಿನಲ್ಲಿ ಕನ್ನಡದಲ್ಲಿದೆ, ಮರಣ ಪ್ರಮಾಣಪತ್ರದಲ್ಲಿ ಅಡ್ಡಹೆಸರಿನ ಬದಲು ಊರಿನ ಹೆಸರಿದೆ. ಮೂವರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸುವುದರಲ್ಲೇ ಮಳೆಗಾಲ ಕಳೆಯಿತು. ಅರ್ಜಿ ಈಗ ನಡೆಯುತ್ತಿದೆ.

ಬೆಳಗಾಂ ಬ್ಯಾಂಕಿನ ಪತ್ರವನ್ನು ಮಾರುವುದು ಬೇಡವೆಂದು ನಾನು ಹೇಳಿದೆ, ಕಾಕಾ ಒಪ್ಪಿದರು. ಅದರ ಮಡಿಕೆ ಬಿಡಿಸಿ, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಬಿಸಿಲು ತಾಗದ ಕಡೆ ಇಟ್ಟಿದ್ದೇವೆ. ಒಬ್ಬರ ಬಳಿ ಒಂದೇ ಪತ್ರವಿದ್ದರೆ ಅದು ಸ್ಮರಣಿಕೆ. ಹತ್ತು ಅಂಗಡಿಗಳಿಂದ ಹತ್ತು ಪತ್ರ ಒಟ್ಟಾದರೆ ಈ ಊರಿನ ಯಾರ ದುಡ್ಡು ಯಾರ ಕಾರ್ಖಾನೆಗೆ, ಯಾರ ಬ್ಯಾಂಕಿಗೆ ಹರಿಯಿತು ಎಂಬುದನ್ನು ಬರೆಯಬಹುದು. ಆ ಇತಿಹಾಸ ಅಟ್ಟಗಳ ಮೇಲೆ ಚದುರಿ ಬಿದ್ದಿದೆ.

ಆದ್ದರಿಂದ ರವಿವಾರ ಪೇಟೆ, ಖಡೇಬಜಾರ, ಖಾನಾಪುರದ ಹಳೆಯ ಅಂಗಡಿಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಅಟ್ಟ ಇಳಿಸುವಾಗ ವಹಿಗಳನ್ನು ತೂಕಕ್ಕೆ ಹಾಕುವ ಮುಂಚೆ ಒಂದೊಂದೇ ಹಾಳೆ ತಿರುವಿ. ಷೇರುಪತ್ರ ಸಿಕ್ಕರೆ ಕಂಪನಿಯ ಹೆಸರು, ಫೋಲಿಯೊ ಸಂಖ್ಯೆ, ಷೇರುದಾರರ ಹೆಸರು ಬರೆದಿಟ್ಟುಕೊಂಡು ಎರಡೂ ಬದಿಯ ಫೋಟೊ ತೆಗೆಯಿರಿ. ಅರ್ಧ ಪಾಲು ಕೊಟ್ಟರೆ ಷೇರು ಬಿಡಿಸಿಕೊಡುತ್ತೇವೆ ಎಂದು ಬರುವವರಿಗೆ ಮೂಲ ಕಾಗದ ಕೊಡಬೇಡಿ. ಐಇಪಿಎಫ್ ಅರ್ಜಿಗೆ ಸರ್ಕಾರದ ಶುಲ್ಕವೇ ಇಲ್ಲ.