ಬೀಗ ಹಾಕಿದ ಬ್ಯಾಗಿಗೂ ಕನ್ನ

2013ರ ಏಪ್ರಿಲ್‌ನಲ್ಲಿ ಒಂದು ದಿನ ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯ ಬಾಗಿಲು ತೆರೆಯಲಿಲ್ಲ. ಜೇಬುಗಳ್ಳರ ಹಾವಳಿ ಮಿತಿಮೀರಿದೆ, ನಮ್ಮನ್ನೂ ಬೆದರಿಸುತ್ತಿದ್ದಾರೆ ಎಂದು ಅಲ್ಲಿನ ಸಿಬ್ಬಂದಿಯೇ ಕೆಲಸ ನಿಲ್ಲಿಸಿದ್ದರು. ಅಷ್ಟು ಕಾವಲಿರುವ ಜಾಗದಲ್ಲೇ ಹೀಗಾದರೆ ಮೆಟ್ರೋ, ಬಸ್ಸುಗಳ ಮಾತೇನು? ಆದರೂ ಯುರೋಪಿಗೆ ಹೊರಟ ನಮ್ಮವರು ಬೆನ್ನ ಮೇಲಿನ ಬ್ಯಾಗಿನ ಬಗ್ಗೆ ಕೆಲವು ನಂಬಿಕೆಗಳನ್ನು ಬಿಡುವುದಿಲ್ಲ.

ತಪ್ಪು ಕಲ್ಪನೆ: ಜಿಪ್‌ಗೆ ಬೀಗ ಹಾಕಿದರೆ ಬ್ಯಾಗು ಭದ್ರ.

ವಾಸ್ತವ: ಬೀಗ ಗಟ್ಟಿಯಿದ್ದರೂ ಜಿಪ್ ಗಟ್ಟಿಯಿರುವುದಿಲ್ಲ. ಬಾಲ್‌ಪೆನ್ನಿನ ಮೊನೆ ಒತ್ತಿದರೆ ಸಾಮಾನ್ಯ ನೈಲಾನ್ ಜಿಪ್ ನಡುವೆಯೇ ಬಾಯಿ ಬಿಡುತ್ತದೆ. ಒಳಗಿನದನ್ನು ತೆಗೆದುಕೊಂಡು, ಜಿಪ್ಪಿನ ಹಿಡಿಗಳನ್ನು ಬೀಗ ಸಮೇತ ಒಮ್ಮೆ ಅತ್ತಿಂದಿತ್ತ ಎಳೆದರೆ ಹಲ್ಲುಗಳು ಮತ್ತೆ ಕೂಡಿಕೊಳ್ಳುತ್ತವೆ. ಕಳವಾಗಿದ್ದು ನಿಮಗೆ ಗೊತ್ತಾಗುವುದು ಹೋಟೆಲಿಗೆ ಹೋದ ಮೇಲೆ. ಇನ್ನು ಟಿಎಸ್‌ಎ ಬೀಗಗಳನ್ನು ಮಾಡಿದ್ದೇ ಅಮೆರಿಕದ ವಿಮಾನ ನಿಲ್ದಾಣದ ತಪಾಸಣೆಯವರು ತಮ್ಮ ಮಾಸ್ಟರ್ ಕೀಲಿಯಿಂದ ತೆರೆಯಲಿ ಎಂದು. ಆ ಕೀಲಿಗಳ ಫೋಟೋ 2014ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಮರುವರ್ಷ ನಕಲಿ ಕೀಲಿಯನ್ನು 3ಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳುವ ನಕ್ಷೆ ಇಂಟರ್ನೆಟ್ಟಿಗೆ ಬಂತು. ಹಾಗೆಂದು ಬೀಗ ಬಿಟ್ಟು ಹೋಗಬೇಡಿ. ನೂಕುನುಗ್ಗಲಿನಲ್ಲಿ ಕೈಹಾಕುವವರಿಗೆ ಎರಡು ಕ್ಷಣ ತಡವಾದರೂ ಅವರು ಪಕ್ಕದ ಬ್ಯಾಗು ನೋಡುತ್ತಾರೆ. ಹಾಸ್ಟೆಲಿನ ಲಾಕರಿಗೆ ಹಲವು ಕಡೆ ನಿಮ್ಮದೇ ಬೀಗ ಬೇಕು.

ತಪ್ಪು ಕಲ್ಪನೆ: ಕಳ್ಳರನ್ನು ನೋಡಿದರೇ ಗೊತ್ತಾಗುತ್ತದೆ.

ವಾಸ್ತವ: ಗೊತ್ತಾಗುವುದಿಲ್ಲ. ರೋಮ್‌ನ ಟರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರ್ ಬಸ್ಸು, ಬಾರ್ಸಿಲೋನಾದ ರಾಂಬ್ಲಾ ಬೀದಿ ಜೇಬುಗಳ್ಳತನಕ್ಕೆ ಕುಖ್ಯಾತ. ಅಲ್ಲಿ ಕೈಚಳಕ ತೋರುವವರು ಒಳ್ಳೆಯ ಬಟ್ಟೆ ತೊಟ್ಟು, ಕೈಯಲ್ಲಿ ಮ್ಯಾಪ್ ಹಿಡಿದು ನಿಮ್ಮಂತೆಯೇ ಪ್ರವಾಸಿಗರಾಗಿ ಕಾಣುತ್ತಾರೆ. ನಿಮ್ಮ ಅಂಗಿಯ ಮೇಲೆ ಸಾಸ್ ಚೆಲ್ಲಿಸುವುದು ಒಬ್ಬರು, ‘ಅಯ್ಯೋ’ ಎನ್ನುತ್ತ ಒರೆಸಲು ಬರುವುದು ಇನ್ನೊಬ್ಬರು, ಅಷ್ಟರಲ್ಲಿ ಬ್ಯಾಗು ಎತ್ತುವುದು ಮೂರನೆಯವರು. ಸಹಾಯಕ್ಕೆ ಬಂದವರನ್ನು ಬೇಡ ಎನ್ನಲು ನಮಗೆ ಸಂಕೋಚ. ಆ ಸಂಕೋಚವನ್ನು ಅಲ್ಲಿ ಬಿಡಲೇಬೇಕು: ಬ್ಯಾಗು ಅಪ್ಪಿಕೊಂಡು ಹತ್ತಿರದ ಅಂಗಡಿಯೊಳಗೆ ಹೋಗಿ, ಅಂಗಿ ಆಮೇಲೆ ತೊಳೆದುಕೊಳ್ಳಬಹುದು. ಸ್ಪೇನ್‌ನಲ್ಲಿ 400 ಯೂರೋಗಿಂತ ಕಡಿಮೆ ಮೊತ್ತದ ಕಳವು ಸಣ್ಣ ಅಪರಾಧ, ಸಾಮಾನ್ಯವಾಗಿ ದಂಡದಲ್ಲೇ ಮುಗಿಯುತ್ತದೆ. ಹಿಡಿದುಕೊಟ್ಟರೂ ಅದೇ ಬೀದಿಗೆ ಮರಳುವವರಿದ್ದಾರೆ.

ತಪ್ಪು ಕಲ್ಪನೆ: ಬ್ಯಾಗಿಗೆ ಚೈನು ಕಟ್ಟುವುದೆಲ್ಲ ನಮ್ಮೂರ ರೈಲಿಗೆ, ಅಲ್ಲಿ ನಾಚಿಕೆಗೇಡು.

ವಾಸ್ತವ: ನಾಚಬೇಡಿ, ಕಟ್ಟಿ. ಯುರೋಪಿನ ಅನೇಕ ರೈಲುಗಳಲ್ಲಿ ದೊಡ್ಡ ಬ್ಯಾಗುಗಳ ಜಾಗ ಬೋಗಿಯ ಬಾಗಿಲ ಬಳಿ, ನಿಮ್ಮ ಸೀಟು ಎಲ್ಲೋ ನಡುವೆ. ಬಾಗಿಲು ಮುಚ್ಚುವ ಮುಂಚಿನ ಗಳಿಗೆಯಲ್ಲಿ ಬ್ಯಾಗು ಎತ್ತಿಕೊಂಡು ಇಳಿದುಬಿಟ್ಟರೆ ರೈಲು ನಿಮ್ಮನ್ನು ಮುಂದಿನ ಊರಿಗೆ ಒಯ್ಯುತ್ತದೆ.

ತಪ್ಪು ಕಲ್ಪನೆ: ಮುಖ್ಯವಾದದ್ದೆಲ್ಲ ಒಂದೇ ಬ್ಯಾಗಿನಲ್ಲಿ, ಬೆನ್ನ ಮೇಲೇ ಇದ್ದರೆ ಕ್ಷೇಮ.

ವಾಸ್ತವ: ನನ್ನನ್ನು ಹೆಚ್ಚು ಕಾಡುವುದು ಇದೇ. ಜರ್ಮನಿಗೆ ಎಂ.ಎಸ್. ಓದಲು ಹೊರಟ ಮಕ್ಕಳ ಬೆನ್ನ ಮೇಲೆ ಪಾಸ್‌ಪೋರ್ಟ್, ಅಸಲಿ ಅಂಕಪಟ್ಟಿಗಳು, ಲ್ಯಾಪ್‌ಟಾಪ್, ಫಾರೆಕ್ಸ್ ಕಾರ್ಡ್, ಅಮ್ಮ ಕೊಟ್ಟ ನಗದು ಎಲ್ಲವೂ ಒಟ್ಟಿಗೆ ಇರುತ್ತವೆ. ಪಾಸ್‌ಪೋರ್ಟ್ ಕಳೆದರೆ ಭಾರತೀಯ ರಾಯಭಾರ ಕಚೇರಿ ತುರ್ತು ಪ್ರಮಾಣಪತ್ರ ಕೊಡುತ್ತದೆ, ನಿಜ. ಆದರೆ ಅದು ಭಾರತಕ್ಕೆ ಮರಳುವ ಒಂದೇ ಪಯಣಕ್ಕೆ. ಅದನ್ನು ಹಿಡಿದು ಪ್ರವಾಸ ಮುಂದುವರಿಸಲಾಗದು. ಹಳೆಯ ಪುಸ್ತಕದಲ್ಲಿ ಅಂಟಿಸಿದ್ದ ವೀಸಾ ಹೊಸ ಪಾಸ್‌ಪೋರ್ಟಿಗೆ ತಾನಾಗಿ ಬರುವುದೂ ಇಲ್ಲ. ಜೊತೆಗೆ ಫೋನೂ ಹೋದರೆ ಬ್ಯಾಂಕಿನ ಒಟಿಪಿ ಬರುವ ಸಿಮ್ಮೂ ಹೋಯಿತು, ಉಳಿದ ಹಣಕ್ಕೂ ದಾರಿ ಮುಚ್ಚಿತು.

ಹಾಗಾಗಿ ಪಾಸ್‌ಪೋರ್ಟ್ ಮತ್ತು ಒಂದು ಕಾರ್ಡು ಅಂಗಿಯೊಳಗಿನ ಪಟ್ಟಿಚೀಲದಲ್ಲಿರಲಿ, ಇನ್ನೊಂದು ಕಾರ್ಡು ಬೇರೆ ಬ್ಯಾಗಿನಲ್ಲಿ. ವಿಶ್ವವಿದ್ಯಾಲಯ ಅಸಲಿ ಅಂಕಪಟ್ಟಿ ಕೇಳದಿದ್ದರೆ ದೃಢೀಕೃತ ಪ್ರತಿ ಒಯ್ಯಿರಿ. ಪಾಸ್‌ಪೋರ್ಟ್, ವೀಸಾ ಪುಟಗಳ ಸ್ಕ್ಯಾನ್ ಪ್ರತಿ ನಿಮ್ಮ ಇಮೇಲಿನಲ್ಲೂ ಮನೆಯವರ ಬಳಿಯೂ ಇರಲಿ.

ತಪ್ಪು ಕಲ್ಪನೆ: ಏರ್‌ಟ್ಯಾಗ್ ಇಟ್ಟಿದ್ದೇನೆ, ಬ್ಯಾಗು ಸಿಕ್ಕೇ ಸಿಗುತ್ತದೆ.

ವಾಸ್ತವ: ಎಲ್ಲಿದೆ ಎಂದು ಅದು ಹೇಳೀತು, ತಂದುಕೊಡದು. ಅದು ಫೋನಿನಲ್ಲಿ ತೋರಿಸುವ ಗುರುತಿನ ಬೆನ್ನುಹತ್ತಿ ಒಬ್ಬರೇ ಹೋಗಬೇಡಿ.

ತಪ್ಪು ಕಲ್ಪನೆ: ವೀಸಾಗೆಂದು ಇನ್ಶೂರೆನ್ಸ್ ಮಾಡಿಸಿದ್ದಾಗಿದೆ, ಬ್ಯಾಗು ಹೋದರೂ ಹಣ ಬರುತ್ತದೆ.

ವಾಸ್ತವ: ಷೆಂಗೆನ್ ವೀಸಾ ಕೇಳುವ ಕನಿಷ್ಠ 30,000 ಯೂರೋ ವಿಮೆ ತುರ್ತು ಚಿಕಿತ್ಸೆ ಹಾಗೂ ಸ್ವದೇಶಕ್ಕೆ ಮರಳಿಸುವ ವೆಚ್ಚಕ್ಕೆ. ಬ್ಯಾಗಿನ ರಕ್ಷಣೆ ಆ ಷರತ್ತಿನಲ್ಲಿಲ್ಲ. ನಮ್ಮಲ್ಲಿನ ಅನೇಕ ಪಾಲಿಸಿಗಳು ಬ್ಯಾಗೇಜ್ ಎಂದಾಗ ವಿಮಾನ ಸಂಸ್ಥೆಗೆ ಒಪ್ಪಿಸಿದ ಚೆಕ್-ಇನ್ ಸಾಮಾನನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. ಹೋಟೆಲಿನಲ್ಲಿ ಕುರ್ಚಿಗೆ ನೇತುಹಾಕಿದ್ದ ಬ್ಯಾಗು ಅದರಲ್ಲಿ ಸೇರುವುದಿಲ್ಲ. ಪಾಲಿಸಿಯ ಆ ಪುಟವನ್ನು ಹೊರಡುವ ಮೊದಲೇ ಓದಿ. ಕಳವಾದರೆ ಮೊದಲು ಕಾರ್ಡುಗಳನ್ನು ಬ್ಲಾಕ್ ಮಾಡಿಸಿ, ಅದೇ ಊರಿನ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆಯಿರಿ. ವಿಮೆಯವರೂ ರಾಯಭಾರ ಕಚೇರಿಯವರೂ ಕೇಳುವುದು ಆ ಕಾಗದವನ್ನೇ. ಯುರೋಪ್ ಒಕ್ಕೂಟದ ಯಾವ ದೇಶದಲ್ಲಿದ್ದರೂ ತುರ್ತು ಕರೆಯ ಸಂಖ್ಯೆ 112.