ಪುಣೆಯ ‘ತಾಯಿ’, ಗ್ರಾಫಿನ ‘ಆಕ್ಸೀಸ್’

ಪುಣೆಗೆ ಬಂದ ಹೊಸತು. ಹೆಚ್ಚುಕಡಿಮೆ ನನ್ನ ವಯಸ್ಸಿನವನೇ ಆದ ತರಕಾರಿಯವನು ನನ್ನನ್ನು ‘ತಾಯಿ’ ಎಂದು ಕರೆದ. ಅಷ್ಟು ವಯಸ್ಸಾದಂತೆ ಕಾಣುತ್ತೇನೆಯೇ ಎಂದು ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಮರಾಠಿಯಲ್ಲಿ ಅದು ‘ಅಕ್ಕ’ ಎಂದು ತಿಳಿದದ್ದು ಆಮೇಲೆ.

ಗ್ರಾಫ್ ಬರೆಯುವ ತಂತ್ರಾಂಶಗಳಲ್ಲೂ ಇದೇ ಕಥೆ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಆಕ್ಸಿಸ್’ ಎಂದರೆ ಒಂದು ಅಕ್ಷ. ‘ಆಕ್ಸೀಸ್’ ಎಂದರೆ ಅಕ್ಷಗಳು, ಗೆರೆಗಳು, ಶೀರ್ಷಿಕೆ ಎಲ್ಲ ಸೇರಿದ ಇಡೀ ಚೌಕಟ್ಟು. ಒಂದು ದೀರ್ಘದ ವ್ಯತ್ಯಾಸ! 2003ರಲ್ಲಿ ಜಾನ್ ಹಂಟರ್ ಇದನ್ನು ಮ್ಯಾಟ್‌ಲ್ಯಾಬ್ ಮಾದರಿಯಲ್ಲಿ ಹೊರತಂದರು, ಪದವೂ ಅಲ್ಲಿನದೇ. ಆರ್ ಭಾಷೆಯ ಜಿಜಿಪ್ಲಾಟ್2 ಬೇರೆ ಮನೆತನದ್ದು. ಅದಕ್ಕೆ ಬುನಾದಿ ಲೆಲ್ಯಾಂಡ್ ವಿಲ್ಕಿನ್ಸನ್ ಅವರ 1999ರ ‘ದಿ ಗ್ರಾಮರ್ ಆಫ್ ಗ್ರಾಫಿಕ್ಸ್’ ಪುಸ್ತಕ.

ಹೀಗಾಗಿ ಒಂದೇ ವಸ್ತುವಿಗೆ ಹಲವು ಹೆಸರು. ಗ್ರಾಫಿನ ಮೇಲಿನ ಚುಕ್ಕೆ, ಗೆರೆ, ಕಂಬಗಳನ್ನು ಜಿಜಿಪ್ಲಾಟ್2 ‘ಜಿಯಾಮ್’ ಎನ್ನುತ್ತದೆ, ಬೊಕೆ ‘ಗ್ಲಿಫ್’ ಎನ್ನುತ್ತದೆ, ವೇಗಾ-ಲೈಟ್ ‘ಮಾರ್ಕ್’ ಎನ್ನುತ್ತದೆ. ಪ್ಲಾಟ್ಲಿಯ ‘ಟ್ರೇಸ್’, ಎಕ್ಸೆಲ್‌ನ ‘ಸೀರೀಸ್’ ಕೂಡ ಹೆಚ್ಚುಕಡಿಮೆ ಇದೇ ಬಳಗ. ಇವನ್ನು ಬಾಯಿಪಾಠ ಮಾಡಬಹುದು. ಪೆಟ್ಟು ಬೀಳುವುದು ಬೇರೆ ಕಡೆ.

ನಮ್ಮ ತಂಡ ಆರ್ ಬಿಟ್ಟು ಪೈಥಾನ್‌ಗೆ ಬಂದಾಗ, ಕಾರ್ಖಾನೆಯ ಎರಡು ಉತ್ಪಾದನಾ ಸಾಲುಗಳ ದೋಷ ತೋರಿಸುವ ಗ್ರಾಫನ್ನು ನಾನು ಹೊಸದಾಗಿ ಬರೆದೆ. ಅಲ್ಲಿನ ‘ಫ್ಯಾಸೆಟ್’ ಇಲ್ಲಿನ ‘ಸಬ್‌ಪ್ಲಾಟ್’ ತಾನೇ ಎಂದುಕೊಂಡೆ. ಮೀಟಿಂಗ್‌ನಲ್ಲಿ ಎರಡೂ ಸಾಲುಗಳು ಒಂದೇ ಸಮ ಕಂಡವು. ಎಲ್ಲರೂ ನಿರಾಳ. ಶಾಪ್‌ಫ್ಲೋರ್‌ನ ಹಿರಿಯ ಮೇಲ್ವಿಚಾರಕರೊಬ್ಬರು ಮಾತ್ರ, ‘ಎರಡನೇ ಸಾಲಿನಲ್ಲಿ ದಿನಾ ರಾಶಿ ಮಾಲು ವಾಪಸ್ ಬರುತ್ತೆ, ಇದು ಹೇಗೆ?’ ಎಂದರು.

ಎಡಬದಿಯ ಅಂಕಿಗಳನ್ನು ನೋಡಿದಾಗ ಎದೆ ಧಸಕ್ ಎಂದಿತು. ಜಿಜಿಪ್ಲಾಟ್2ರ ಫ್ಯಾಸೆಟ್‌ಗಳು, ನಾವು ಬೇಡ ಎನ್ನದಿದ್ದರೆ, ಒಂದೇ ಅಳತೆ ಹಂಚಿಕೊಳ್ಳುತ್ತವೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಸಬ್‌ಪ್ಲಾಟ್‌ಗಳು, ನಾವು ಬೇಕು ಎನ್ನದಿದ್ದರೆ, ತಮ್ಮತಮ್ಮ ಅಳತೆ ಹಿಡಿಯುತ್ತವೆ. ಹಲವು ಪಟ್ಟು ಹೆಚ್ಚಿದ್ದ ದೋಷ ಅದೇ ಎತ್ತರಕ್ಕೆ ಕುಗ್ಗಿ ಕೂತಿತ್ತು. ‘ಶೇರ್‌ವೈ’ ಎಂಬ ಒಂದು ಆಯ್ಕೆಯನ್ನು ‘ಟ್ರೂ’ ಮಾಡಿದರೆ ಸರಿಹೋಗುವ ತಪ್ಪು ಅದು. ಪದವನ್ನು ಅನುವಾದಿಸಿದ್ದೆ, ಅದರ ಹಿಂದಿನ ರೂಢಿಯನ್ನು ಮರೆತಿದ್ದೆ. ಅಂದು ಸಂಜೆಯೇ ತಿದ್ದಿದ ಗ್ರಾಫನ್ನು ಎಲ್ಲರಿಗೂ ಕಳಿಸಿದೆ. ಎರಡನೇ ಸಾಲಿನ ತಪಾಸಣೆ ಶುರುವಾಯಿತು.

ಈಗ ಯಾರಾದರೂ ‘ಆಕ್ಸೀಸ್ ಬದಲಿಸಿ’ ಎಂದರೆ, ಪರದೆಯ ಮೇಲೆ ಬೆರಳಿಟ್ಟು ತೋರಿಸಿ ಎನ್ನುತ್ತೇನೆ. ಹೊಸ ಲೈಬ್ರರಿಗೆ ಹೋದರೆ ಮೊದಲು ಅಂಕಿ ನೋಡುತ್ತೇನೆ, ಆಮೇಲೆ ಚಿತ್ರ. ತರಕಾರಿಯವನು ‘ತಾಯಿ’ ಎಂದರೆ ಮಾತ್ರ ಕನ್ನಡಿ ನೋಡುವುದನ್ನು ಬಿಟ್ಟಿದ್ದೇನೆ.