ಗೋಡೆಯ ಮೇಲಿನ ಯೇಸುಸ್ವಾಮಿ

ಕ್ರಿಸ್‌ಮಸ್ ಬಂತೆಂದರೆ ಮಂಗಳೂರು ಕಡೆಯ ಕ್ರೈಸ್ತ ಗೆಳತಿಯ ಮನೆಯಿಂದ ಕುಸ್ವಾರ್ ತಟ್ಟೆ ಬರುತ್ತದೆ. ಕಿಡಿಯೊ, ನೆವ್ರಿ, ರೋಸ್ ಕುಕ್ಕಿ ಎಲ್ಲವನ್ನೂ ಸವಿದು, ಮಾಡುವ ವಿಧಾನವನ್ನೂ ಕೇಳಿ ಬರೆದುಕೊಳ್ಳುತ್ತೇವೆ. ಆದರೆ ಅವರ ನಡುಮನೆಯ ಪಟದ ಬಗ್ಗೆ ಕೇಳಲು ಮಾತ್ರ ಏನೋ ಸಂಕೋಚ. ಎದೆಯ ಮೇಲೆ ಮುಳ್ಳು ಸುತ್ತಿದ ಹೃದಯ, ಅದರಿಂದ ಏಳುವ ಜ್ವಾಲೆ! "ಇದೇನಮ್ಮಾ ಹೀಗೆ?" ಅಂತ ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾಗುತ್ತೇವೆ, ಅಲ್ಲವೇ?

ಮೊದಲು ಹೆಸರಿನ ಮಾತು. ಯೇಸು ಎಂಬುದು 'ಯೆಶುವ' ಎಂಬ ಹೀಬ್ರೂ ಹೆಸರು ಗ್ರೀಕರ ಬಾಯಿಗೆ ಬಿದ್ದು ಬದಲಾದ ರೂಪ. 'ದೇವರು ರಕ್ಷಿಸುತ್ತಾನೆ' ಎಂದು ಅರ್ಥ. ಆ ಕಾಲದ ಯೆಹೂದ್ಯರಲ್ಲಿ ಇದು ತೀರಾ ಸಾಮಾನ್ಯ ಹೆಸರು, ನಮ್ಮಲ್ಲಿ ರಾಮಣ್ಣ, ಕೃಷ್ಣಪ್ಪ ಇದ್ದ ಹಾಗೆ. ಕ್ರಿಸ್ತ ಎಂಬುದು ಮನೆತನದ ಹೆಸರಲ್ಲ, ಪದವಿ. 'ಅಭಿಷೇಕ ಹೊಂದಿದವನು' ಎಂದರ್ಥ. ಇಮ್ಮಾನುವೇಲ ಎಂದರೆ 'ದೇವರು ನಮ್ಮ ಸಂಗಡ'. ಕೊಂಕಣಿ ಕ್ರೈಸ್ತರ ಬಾಯಲ್ಲಿ ಅವರೇ ಜೆಜು. ಇನ್ನು ಬೈಬಲಿನಲ್ಲಿ ಯೇಸು ತಮ್ಮನ್ನು ಕರೆದುಕೊಂಡ ಹೆಸರುಗಳನ್ನು ನೋಡಿ: ಜೀವದ ರೊಟ್ಟಿ, ಬಾಗಿಲು, ಬೆಳಕು, ಒಳ್ಳೆಯ ಕುರುಬ. ಎಲ್ಲವೂ ಅಡುಗೆಮನೆ, ಹಟ್ಟಿಯ ಮಾತುಗಳೇ! ಹಸಿದವರಿಗೆ ಒಂದು ಹೆಸರು, ದಾರಿ ತಪ್ಪಿದ ಮಗನಿಗಾಗಿ ಕಾಯುವ ತಾಯಿಗೆ ಇನ್ನೊಂದು.

ಹೆಸರಿನ ಹಾಗೆ ಮುಖ ಸಿಗುವುದಿಲ್ಲ. ಯೇಸು ಬೆಳ್ಳಗಿದ್ದರೇ, ಕಪ್ಪಗಿದ್ದರೇ, ಎತ್ತರವೇ, ಕುಳ್ಳೇ? ಸುವಾರ್ತೆಗಳಲ್ಲಿ ಒಂದು ಮಾತೂ ಇಲ್ಲ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಸುಮಾರು 3ನೇ ಶತಮಾನದ ಚಿತ್ರಗಳಿವೆ. ಅಲ್ಲಿ ಗಡ್ಡವಿಲ್ಲದ ಹುಡುಗನೊಬ್ಬ ಹೆಗಲ ಮೇಲೆ ಕುರಿ ಹೊತ್ತಿದ್ದಾನೆ. ಕ್ಯಾಲೆಂಡರಿನ ನೀಲಿ ಕಣ್ಣು, ಹೊಂಗೂದಲು ಯೂರೋಪಿನವರ ಕಲ್ಪನೆ. ಗೋವೆಯ ಕಲಾವಿದ ಆಂಜೆಲೊ ದ ಫೋನ್ಸೆಕ (1902–1967) ಮೇರಿ ತಾಯಿಗೆ ಸೀರೆ ಉಡಿಸಿ ಬರೆದರು. ನನಗಂತೂ ಅದು ಹೆಚ್ಚು ಹತ್ತಿರವೆನಿಸುತ್ತದೆ.

ಹೃದಯದ ಪಟದ ಭಕ್ತಿ ಹಬ್ಬಿದ್ದು ಫ್ರಾನ್ಸಿನಿಂದ. ಅಲ್ಲಿನ ಸನ್ಯಾಸಿನಿ ಮಾರ್ಗರೆಟ್ ಮೇರಿ ಅಲಕೋಕ್ ಅವರಿಗೆ 1673ರಿಂದ 1675ರ ನಡುವೆ ದರ್ಶನಗಳಾದವಂತೆ. ಜ್ವಾಲೆ ಪ್ರೀತಿಯ ಗುರುತು. ಮುಳ್ಳು, ಆ ಪ್ರೀತಿಗೆ ಜನ ಕೊಟ್ಟ ನೋವು. ಕಥೋಲಿಕರು ಪಾದ್ರಿಗಳನ್ನು ಕರೆಸಿ, ಮನೆಯನ್ನೇ ಆ ಹೃದಯಕ್ಕೆ ಒಪ್ಪಿಸಿ ಪಟ ಇಡುವುದುಂಟು.

ಹಾಗಾದರೆ ಪೂಜೆ ಕಾಗದಕ್ಕೋ, ಮರಕ್ಕೋ? ಈ ಜಗಳ ಕ್ರೈಸ್ತರಲ್ಲೇ ಹಳೆಯದು; ಪಟಗಳನ್ನು ಒಡೆದದ್ದೂ ಉಂಟು. 787ರಲ್ಲಿ ನೈಸಿಯದ ಸಭೆ, ಪಟಕ್ಕೆ ತೋರುವ ಗೌರವ ಪಟದಲ್ಲಿರುವವರಿಗೇ ಸಲ್ಲುತ್ತದೆ ಎಂದು ತೀರ್ಮಾನಿಸಿತು. ತೀರಿಕೊಂಡ ತಂದೆಯ ಫೋಟೋಗೆ ಹೂ ಮುಡಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಪ್ರಾಟೆಸ್ಟೆಂಟರಲ್ಲಿ ಅನೇಕರು ಬರೀ ಶಿಲುಬೆ ಇಡುತ್ತಾರೆ. ಯೇಸು ಎದ್ದು ಬಂದರಲ್ಲ, ಶಿಲುಬೆ ಖಾಲಿ ಎನ್ನುವುದು ಅವರ ವಾದ. ಕಥೋಲಿಕರ ಶಿಲುಬೆಯಲ್ಲಿ ಯೇಸುವಿನ ಮೈ ಇರುತ್ತದೆ, ನೋವನ್ನು ಮರೆಯಬಾರದೆಂದು.

ಹೆಂಗಸರಿಗೆ ಬಲು ಹತ್ತಿರದವರು ಬಾಲಯೇಸು. ಮೂಲ ವಿಗ್ರಹ ಇರುವುದು ಪ್ರಾಗ್ ನಗರದಲ್ಲಿ. ಎತ್ತರ ಸುಮಾರು 47 ಸೆಂಟಿಮೀಟರ್, ಮೇಲೆ ಮೇಣದ ಲೇಪ. ಸ್ಪೇನಿನಿಂದ ತವರಿನ ಬಳುವಳಿಯಾಗಿ ಬಂದದ್ದನ್ನು ಪೊಲಿಕ್ಸೇನ ಎಂಬ ಶ್ರೀಮಂತ ಮಹಿಳೆ 1628ರಲ್ಲಿ ಕಾರ್ಮೆಲ್ ಮಠಕ್ಕೆ ಕೊಟ್ಟರು. 1631ರ ಯುದ್ಧದಲ್ಲಿ ಮಠ ಲೂಟಿಯಾಗಿ, ಕೈ ಮುರಿದ ವಿಗ್ರಹ ಕಸದಲ್ಲಿ ಬಿತ್ತು. ವರ್ಷಗಳ ಮೇಲೆ ಸಿರಿಲ್ ಎಂಬ ಪಾದ್ರಿಗಳು ಹುಡುಕಿ ತೆಗೆದು ಕೈ ಜೋಡಿಸಿದರಂತೆ. ಈ ಮಗುವಿಗೆ ಹಬ್ಬಕ್ಕೆ ತಕ್ಕ ಬಣ್ಣದ ಅಂಗಿ: ಕ್ರಿಸ್‌ಮಸ್ಸಿಗೆ ಬಿಳಿ, ಉಪವಾಸ ಕಾಲಕ್ಕೆ ನೇರಳೆ. ರಾಣಿ ಮರಿಯ ತೆರೇಸ ಕೊಟ್ಟ 1743ರ ಅಂಗಿಯೂ ಅಲ್ಲಿದೆ.

ಬೆಂಗಳೂರಿನ ವಿವೇಕನಗರದಲ್ಲಿ ಗುರುವಾರ ನೋಡಬೇಕು. ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು, ಶಿಲುಬೆಯ ಸರ ಹಾಕಿದವರು ಒಂದೇ ಸಾಲಿನಲ್ಲಿ ಮೇಣದ ಬತ್ತಿ ಹಿಡಿದು ನಿಂತಿರುತ್ತಾರೆ. ಮಗುವಾಗಲಿ, ಮಗಳ ಜ್ವರ ಇಳಿಯಲಿ, ಗಂಡನಿಗೆ ಕೆಲಸ ಸಿಗಲಿ ಎಂಬ ಬೇಡಿಕೆಗಳನ್ನು ಆ ಪುಟ್ಟ ಸ್ವಾಮಿಯ ಮುಂದೆ ಅವರವರ ಭಾಷೆಯಲ್ಲೇ ಇಡುತ್ತಾರೆ.